ಸ್ಟ್ಯಾಂಡ್‌ಭಾಯಿ ಬಿದ್ದಾನ

ಹೊಟ್ಟೆಕಿಚ್ಚು ಯಾರಿಗಿಲ್ಲ ಹೇಳಿ. ಆದರೆ ಒಂದು ಕಬ್ಬಿಣದ ಯಂತ್ರದ ಮೇಲೆ ಹೊಟ್ಟೆಕಿಚ್ಚು ಪಟ್ಟವನು ಇಡೀ ರಾಯಚೂರು ಜಿಲ್ಲೆಯಲ್ಲಿ ಮೌನಪ್ಪನೊಬ್ಬನೇ ಇರಬೇಕು. ಅದೂ ಮೈಮುರಿದು ದುಡಿಯುವ ಯಂತ್ರದ ಮೇಲಲ್ಲ, ದಿನವಿಡೀ ಸುಮ್ಮನೆ ನಿಂತಿರುವ ಯಂತ್ರದ ಮೇಲೆ.

ಎಂಬತ್ತಾರನೇ ಇಸವಿಯ ಮಾತು. ರಾಯಚೂರಿನ ಹೊರಗೆ ಗುಡ್ಡದ ಬುಡದಲ್ಲಿ ಒಂದು ಸಣ್ಣ ಟಿವಿ ರಿಲೇ ಕೇಂದ್ರವಿತ್ತು. ಅಂಗಳದಲ್ಲಿ ಮುಗಿಲಿಗೆ ಮುಖ ಮಾಡಿದ ದೊಡ್ಡ ತಟ್ಟೆ, ಪಕ್ಕದಲ್ಲಿ ಕಬ್ಬಿಣದ ಕಂಬ, ಒಳಗೆ ಕಪಾಟಿನಷ್ಟು ಎತ್ತರದ ಎರಡು ಟ್ರಾನ್ಸ್‌ಮಿಟರುಗಳು, ಎ ಮತ್ತು ಬಿ. ತಟ್ಟೆ ಉಪಗ್ರಹದಿಂದ ಹಿಡಿದ ಚಿತ್ರವನ್ನು ಎ ಊರಿಗೆಲ್ಲ ಹಂಚಬೇಕು. ಎ ಬಿದ್ದರೆ, ಅಂದರೆ ನಿಂತುಹೋದರೆ, ಬಿ ಹಂಚಬೇಕು. ಇವೆರಡರ ನಡುವೆ ಬದಲಿ ಪೆಟ್ಟಿಗೆ ಅಂತ ಒಂದಿತ್ತು. ಅದರೊಳಗೆ ಪುಸ್ತಕಗಳನ್ನು ನಿಲ್ಲಿಸಿದ ಹಾಗೆ ಸಾಲಾಗಿ ಕಾರ್ಡುಗಳು. ಯಾವುದಾದರೂ ಕೆಟ್ಟರೆ ಅದೊಂದನ್ನು ಎಳೆದು ಬೇರೆಯದನ್ನು ಒತ್ತಿದರೆ ಮುಗಿಯಿತು. ಎ ಬಿದ್ದ ಕೂಡಲೇ ಈ ಪೆಟ್ಟಿಗೆ ತಾನಾಗಿ ಬಿಯನ್ನು ಕೆಲಸಕ್ಕೆ ಹಚ್ಚುತ್ತಿತ್ತು. ಮನೆಯಲ್ಲಿ ಟಿವಿ ನೋಡುತ್ತ ಕೂತವರಿಗೆ ಚಿತ್ರ ಒಮ್ಮೆ ಅಲುಗಿದ್ದು ಕಂಡರೆ ಹೆಚ್ಚು.

ಕೇಂದ್ರ ಶುರುವಾದ ದಿನ ಎಂಜಿನಿಯರ್ ವೆಂಕಣ್ಣನವರು ಎಲ್ಲರನ್ನೂ ನಿಲ್ಲಿಸಿಕೊಂಡು, "ಇದು ಎ, ಮೇನ್. ಇದು ಬಿ, ಸ್ಟ್ಯಾಂಡ್‌ಬೈ" ಎಂದು ತೋರಿಸಿದ್ದರು. ಕಾವಲುಗಾರ ದಸ್ತಗೀರ್ ಸಾಬರ ಕಿವಿಗೆ ಅದು 'ಸ್ಟ್ಯಾಂಡ್‌ಭಾಯಿ' ಎಂದು ಬಿತ್ತು. ಮನೆಯಲ್ಲಿ ದಖನಿ ಉರ್ದು ಆಡುವ ಮನುಷ್ಯ. ಅಣ್ಣ ದುಡಿಯುವಾಗ ಪಕ್ಕದಲ್ಲಿ ನಿಂತೇ ಇರುವ ತಮ್ಮನಿಗೆ ಸ್ಟ್ಯಾಂಡ್‌ಭಾಯಿ ಎನ್ನದೆ ಇನ್ನೇನು ಅನ್ನಬೇಕು? ಎ ಅವರ ಬಾಯಲ್ಲಿ ದೊಡ್ಡಭಾಯಿ ಆಯಿತು. "ದೊಡ್ಡಭಾಯಿ ಸುಸ್ತಾಗ್ಯಾನ, ಸ್ಟ್ಯಾಂಡ್‌ಭಾಯಿ ಎದ್ದಾನ" ಎಂದು ಅವರು ಹೇಳುವುದು ಕೇಳಿ ಕೇಳಿ ಕೇಂದ್ರದಲ್ಲಿ ಎಲ್ಲರೂ ಹಾಗೇ ಆಡತೊಡಗಿದರು. ವೆಂಕಣ್ಣನವರೂ ಮೈಮರೆತಾಗ ಹಾಗೇ ಅಂದುಬಿಡುತ್ತಿದ್ದರು.

ಎ ಯಂತ್ರದ ಜವಾಬ್ದಾರಿ ಟೆಕ್ನಿಷಿಯನ್ ಮೌನಪ್ಪನದು. ಬಿ ಯಂತ್ರದ್ದು, ಅವನಿಗಿಂತ ಆರು ತಿಂಗಳು ತಡವಾಗಿ ಬಂದ ಸಲಾವುದ್ದೀನನದು. ಹೀಗಾಗಿ ದಸ್ತಗೀರ್ ಸಾಬರು ಸಲಾವುದ್ದೀನನನ್ನೂ ಸ್ಟ್ಯಾಂಡ್‌ಭಾಯಿ ಎಂದೇ ಕರೆಯುತ್ತಿದ್ದರು. ಮೊದಮೊದಲು ಮೌನಪ್ಪನಿಗೆ ಇದು ಹಿಡಿಸಿತ್ತು. ತಾನು ದೊಡ್ಡವನು, ಅವನು ಪಕ್ಕದಲ್ಲಿ ನಿಂತವನು ಎಂದು ದಿನಕ್ಕೆ ಹತ್ತು ಸಲ ಯಾರಾದರೂ ಹೇಳಿದರೆ ಯಾರಿಗೆ ಹಿಡಿಸುವುದಿಲ್ಲ?

ಮೌನಪ್ಪ ದೇವದುರ್ಗದವನು. ಎಪ್ಪತ್ತೈದರಲ್ಲಿ ಸರ್ಕಾರ ಒಂದು ವರ್ಷದ ಮಟ್ಟಿಗೆ ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ತೋರಿಸಿದಾಗ, ದೇವದುರ್ಗ ಮತ್ತು ಮಾನ್ವಿ ಕಡೆಯ ಹಳ್ಳಿಗಳಲ್ಲಿ ತಂತಿ ಜಾಳಿಗೆಯ ಛತ್ರಿ ಆಂಟೆನಾಗಳನ್ನು ಕೂಡಿಸಿ, ಕೆಟ್ಟ ಸೆಟ್ಟುಗಳನ್ನು ರಿಪೇರಿ ಮಾಡುತ್ತ ಸೈಕಲ್ ತುಳಿದವನು. ಅವನು ಬಂದರೆ ಶಾಲೆ ಬಿಡುತ್ತಿತ್ತು. ಟಿವಿ ಮೌನಪ್ಪ ಎಂದರೆ ಗೊತ್ತಿಲ್ಲದ ಮನೆ ಇರಲಿಲ್ಲ. ವರ್ಷ ಮುಗಿಯಿತು, ಉಪಗ್ರಹವನ್ನು ಬೇರೆ ಕಡೆಗೆ ತಿರುಗಿಸಿಕೊಂಡರು, ಸೆಟ್ಟುಗಳು ಪಂಚಾಯಿತಿ ಕಚೇರಿಯ ಅಟ್ಟ ಸೇರಿದವು. ಆಮೇಲೆ ಒಂಬತ್ತು ವರ್ಷ ಆತ ರೇಡಿಯೋ ಅಂಗಡಿಯಲ್ಲಿ ಬೆಸುಗೆ ಹಾಕುತ್ತ ಕೂತ. ಆ ಒಂದು ವರ್ಷದ ಮರ್ಯಾದೆಯನ್ನು ಮಾತ್ರ ಮರೆಯಲಿಲ್ಲ.

ಸಲಾವುದ್ದೀನ್ ಮಾನ್ವಿಯವನು. ಅಲ್ಲಿ ಮೈಕ್‌ಸೆಟ್ ರಿಪೇರಿ ಮಾಡುತ್ತ ಮಾಡುತ್ತ ಪರೀಕ್ಷೆ ಕಟ್ಟಿ ನೌಕರಿ ಹಿಡಿದವನು. ಮಾತು ಕಡಿಮೆ, ಕೈ ಚುರುಕು. ಪ್ರತಿ ಶುಕ್ರವಾರ ನಮಾಜಿಗೆ ಹೋಗುವ ಮೊದಲು ಬದಲಿ ಪೆಟ್ಟಿಗೆಯಲ್ಲಿ ಬಿ ಕಡೆಯ ಕಾರ್ಡುಗಳನ್ನು ಒಂದೊಂದಾಗಿ ಹೊರಗೆಳೆದು, ಅವುಗಳ ಹೊಳೆಯುವ ಹಲ್ಲುಗಳನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ, ಹೆಬ್ಬೆರಳಿನಿಂದ ಒಳಗೆ ಒತ್ತುತ್ತಿದ್ದ. ಟಕ್ ಎಂದು ಸಪ್ಪಳ ಬಂದ ಮೇಲೇ ಕೈ ತೆಗೆಯುವುದು. ಹಾಗೆ ಮಾಡೆಂದು ಯಾವ ಪುಸ್ತಕವೂ ಹೇಳಿರಲಿಲ್ಲ.

ಹೊಟ್ಟೆಕಿಚ್ಚು ಹುಟ್ಟಿದ್ದು ಲಾಗ್‌ಬುಕ್ಕಿನಲ್ಲಿ. ಬೇಸಿಗೆ ಬಂದು ಎ ಯಂತ್ರ ಕಾಯತೊಡಗಿದ ಮೇಲೆ ಅದರಲ್ಲಿ ದಿನ ಬಿಟ್ಟು ದಿನ ಒಂದೇ ಸಾಲು: 'ಎ ಬಿತ್ತು. ಬಿ ಹಿಡಿಯಿತು.' ಬೀಳುವುದೆಲ್ಲ ಮೌನಪ್ಪನ ಪಾಲಿಗೆ, ಹಿಡಿಯುವುದೆಲ್ಲ ಸಲಾವುದ್ದೀನನ ಪಾಲಿಗೆ. ವೆಂಕಣ್ಣನವರು ಬೆಳಿಗ್ಗೆ ಬಂದು ಪುಟ ತಿರುವಿ, "ಸ್ಟ್ಯಾಂಡ್‌ಭಾಯಿ ಮರ್ಯಾದಿ ಉಳಿಸಿದ ನೋಡ್ರಿ" ಎಂದರೆ ಮೌನಪ್ಪನ ಮೈಯೆಲ್ಲ ಉರಿಯುತ್ತಿತ್ತು.

"ದಿನಾ ಹತ್ತು ನಿಮಿಷ ದುಡಿಯೋ ಮಷೀನು ಕೆಡೋದರ ಹೆಂಗ್ರೀ ಸಾಹೇಬ್ರ? ನನ್ನ ಮಷೀನು ಇಡೀ ದಿನ ದುಡೀತದ" ಎಂದು ಒಮ್ಮೆ ಹೇಳಿಯೂ ನೋಡಿದ.

"ಖರೇ ಅದ, ಖರೇ ಅದ" ಎಂದು ವೆಂಕಣ್ಣನವರು ಮತ್ತೆ ಪುಟ ತಿರುವಿದರು.

ಮನೆಗೆ ಹೋದರೆ ಅಲ್ಲೂ ನೆಮ್ಮದಿಯಿಲ್ಲ. ಒಮ್ಮೆ ಊರಿಗೆ ಹೋಗಿಬಂದ ಸಲಾವುದ್ದೀನ್ ತನ್ನ ತಾಯಿ ಖತೀಜಾ ಬೀ ಮಾಡಿದ ಶಾವಿಗೆಯ ಶೀರ್ ಖುರ್ಮಾ ತಂದುಕೊಟ್ಟು ಹೋದ. "ಎಷ್ಟ್ ಸಣ್ಣ ದನಿ ಅದ ಆತಂದು. ಮಂದಿ ಅಂದ್ರ ಹಿಂಗಿರಬೇಕ್ರಿ" ಎಂದಳು ಹೆಂಡತಿ ಸೂಗಮ್ಮ. ಮೌನಪ್ಪ ಖುರ್ಮಾದ ಬಟ್ಟಲನ್ನು ಬೆರಳಿನಿಂದ ಬಳಿದು ನೆಕ್ಕಿದ, ನೆಕ್ಕುತ್ತಲೇ ಇನ್ನಷ್ಟು ಉರಿದ.

ಇಷ್ಟರಲ್ಲೇ ಇದ್ದರೆ ಬೇಸಿಗೆಯ ಜೊತೆಗೆ ಅದೂ ಹೋಗುತ್ತಿತ್ತೇನೋ. ಆದರೆ ಮಾರ್ಚ್ ತಿಂಗಳಲ್ಲಿ ವೆಂಕಣ್ಣನವರು ಇಬ್ಬರನ್ನೂ ಕರೆದು ಹೇಳಿದರು: "ದೇವದುರ್ಗದಾಗ ಒಂದು ಸಣ್ಣ ರಿಲೇ ಕೇಂದ್ರ ಹಾಕ್ತಾರಂತ. ನಿಮ್ಮಿಬ್ಬರೊಳಗ ಒಬ್ಬರನ್ನ ಅಲ್ಲಿಗೆ ಇನ್‌ಚಾರ್ಜ್ ಅಂತ ಕಳಸ್ರಿ ಅಂತ ಮ್ಯಾಲಿಂದ ಪತ್ರ ಬಂದದ. ನಾ ಹೆಸರು ಬರದು ಕಳಸ್ತೀನಿ."

ದೇವದುರ್ಗ! ಅಲ್ಲಿಗೆ ಟಿವಿ ಮೌನಪ್ಪ ಮತ್ತೆ ಬರುತ್ತಾನೆ, ಸೈಕಲ್ಲಿನ ಮೇಲಲ್ಲ, ಇನ್‌ಚಾರ್ಜ್ ಆಗಿ. ಅವನಿಗೆ ಜೀವನದಲ್ಲಿ ಬೇಕಾದದ್ದು ಇದೊಂದೇ. ಮರುಗಳಿಗೆ ಲಾಗ್‌ಬುಕ್ಕಿನ ಸಾಲು ಕಣ್ಣಿಗೆ ಕಟ್ಟಿತು. ಆ ಸಾಲು ಓದಿದ ಯಾವ ಎಂಜಿನಿಯರ್ ತಾನೆ ಮೌನಪ್ಪನ ಹೆಸರು ಬರೆಯುತ್ತಾನೆ? ತನ್ನ ಊರಿನ ಗದ್ದುಗೆಯ ಮೇಲೆ ಮಾನ್ವಿಯವನು ಹೋಗಿ ಕೂರುತ್ತಾನೆ. ಅಂದಿನಿಂದ ಮೌನಪ್ಪ ಸಲಾವುದ್ದೀನನ ಜೊತೆ ಮಾತಾಡುವಾಗ ಅವನ ಮುಖ ನೋಡುವುದನ್ನು ಬಿಟ್ಟ. ಸಲಾವುದ್ದೀನ್ ಮಾತ್ರ ಎಂದಿನಂತೆ "ಮೌನಪ್ಪಣ್ಣ, ಚಹಾ ಕುಡೀತಿ ಏನು?" ಎನ್ನುತ್ತಲೇ ಇದ್ದ.

ಏಪ್ರಿಲ್ ಎರಡನೆಯ ಸೋಮವಾರ ತಪಾಸಣೆ. ವೆಂಕಣ್ಣನವರು ತಾವೇ ನಿಂತು ಎಯನ್ನು ಕೈಯಿಂದ ಬಂದ್ ಮಾಡಿ ಬಿ ಹಿಡಿಯುತ್ತದೋ ಇಲ್ಲವೋ ನೋಡುವ ದಿನ. ಹಿಂದಿನ ಶನಿವಾರ ಮಧ್ಯಾಹ್ನ ಮೌನಪ್ಪನ ಪಾಳಿ ಇತ್ತು. ದಸ್ತಗೀರ್ ಸಾಬರು ಬೇವಿನ ಗಿಡದ ಕೆಳಗೆ ಕಣ್ಣು ಮುಚ್ಚಿದ್ದರು. ಮೌನಪ್ಪ ಬದಲಿ ಪೆಟ್ಟಿಗೆಯ ಬಾಗಿಲು ತೆರೆದು, ಬಿಯ ಮೂರನೆಯ ಕಾರ್ಡನ್ನು ಒಂದು ಕಾಳಿನಷ್ಟು ಹೊರಗೆ ಎಳೆದ. ನೋಡಿದವರಿಗೆ ಗೊತ್ತಾಗದಷ್ಟು. ಬಿ ಯಂತ್ರದ ಮೇಲಿನ ಹಳದಿ ದೀಪ, ನಾನು ತಯಾರಿದ್ದೇನೆ ಎನ್ನುವ ದೀಪ, ಉರಿಯುತ್ತಲೇ ಇತ್ತು. ಆದರೆ ಎ ಬಿದ್ದರೆ ಬಿ ಇನ್ನು ಹಿಡಿಯುವುದಿಲ್ಲ.

ಸೋಮವಾರ ಎಲ್ಲರೆದುರು ಸ್ಟ್ಯಾಂಡ್‌ಭಾಯಿಯ ಬಣ್ಣ ಬಯಲಾಗುತ್ತದೆ. ನಡುವೆ ಇರುವುದು ಭಾನುವಾರ ಒಂದೇ. ಎಗೆ ಮೊನ್ನೆಯಷ್ಟೇ ಹೊಸ ಫ್ಯಾನು ಹಾಕಿದ್ದಾನೆ, ಮೂರು ದಿನದಿಂದ ಬಿದ್ದಿಲ್ಲ, ಒಂದು ದಿನ ನಡೆಯಲಾರದೇ? ಹೀಗೆ ಲೆಕ್ಕ ಹಾಕಿ, ಮೌನಪ್ಪ ಭಾನುವಾರದ ರಜೆಗೆ ಬೆಳಗಿನ ಬಸ್ಸಿನಲ್ಲಿ ದೇವದುರ್ಗಕ್ಕೆ ಹೋದ.

ಅಲ್ಲಿ ದೊಡ್ಡಪ್ಪ ಎಂಬ ಅವನ ಹಳೆಯ ಗೆಳೆಯನ ಹೋಟೆಲು ಇತ್ತು. ಅದರ ಫೋನ್ ನಂಬರನ್ನು ಕೇಂದ್ರದಲ್ಲಿ ಬರೆದಿಟ್ಟು ಬಂದಿದ್ದ. ಇಬ್ಬರೂ ಕೂಡಿ ಕೇಂದ್ರಕ್ಕೆ ಗುರುತು ಮಾಡಿದ್ದ ಜಾಗ ನೋಡಿಬಂದರು. ಕಂಬ ಇಲ್ಲಿ, ಬಾಗಿಲು ಆ ಕಡೆ, ನನ್ನ ಕುರ್ಚಿ ಕಿಟಕಿಯ ಹತ್ತಿರ ಎಂದು ಮೌನಪ್ಪ ಬರೀ ಜಾಲಿಮುಳ್ಳು ಬೆಳೆದ ನೆಲದ ಮೇಲೆ ನಿಂತು ತೋರಿಸಿದ. ಹೋಟೆಲಿಗೆ ಮರಳಿ ಮಿರ್ಚಿ ಬಜಿಗೆ ಕೈ ಹಾಕುವಷ್ಟರಲ್ಲಿ ಗಲ್ಲೆಯ ಮೇಲಿನ ಫೋನು ರಿಂಗಾಯಿತು. ದೊಡ್ಡಪ್ಪ ಎತ್ತಿದ. "ಹಲೋ, ಹಲೋ" ಎಂದು ನಾಲ್ಕು ಸಲ ಕೂಗಿದ. ಆಮೇಲೆ ಲೈನು ಕಡಿಯಿತು.

"ರಾಯಚೂರಿನಿಂದ. ಯಾರೋ ಸಾಬರು. ಭಾಳ ಗಾಬರಿಯಾಗಿದ್ರು. ಸ್ಟ್ಯಾಂಡ್‌ಭಾಯಿ ಬಿದ್ದಾನ, ಮೌನಪ್ಪಗ ಲಗೂನ ಬಾ ಅನ್ರಿ ಅಂದ್ರು. ಯಾರವ ಸ್ಟ್ಯಾಂಡ್‌ಭಾಯಿ?"

ಮೌನಪ್ಪನ ಮುಖ ಅರಳಿತು. ಬಿಯನ್ನು ಎಬ್ಬಿಸಲು ನೋಡಿದ್ದಾರೆ, ಅದು ಏಳಲಿಲ್ಲ, ಸೋಮವಾರದ ಕೆಲಸ ಭಾನುವಾರವೇ ಆಗಿದೆ. "ಮನಷ್ಯಾ ಅಲ್ಲೋ ಮಾರಾಯ, ಮಷೀನು!" ಎಂದು ನಕ್ಕ. "ಎಂದೂ ಬೀಳಂಗಿಲ್ಲ ಅಂತ ಮೆರೀತಿತ್ತು. ಇವತ್ತ ಬಿತ್ತು ನೋಡು."

"ಹಂಗಾರ ಹೋಗಂಗಿಲ್ಲೇನು? ಬಸ್ಸು ನಿಂತದ."

"ಇನ್ನೊಂದು ಪ್ಲೇಟ್ ಬಜಿ ಕೊಡು. ಇಷ್ಟು ದಿನ ನಾ ಅನುಭವಿಸೀನಿ, ಅವರೂ ಸ್ವಲ್ಪ ಅನುಭವಿಸ್ಲಿ."

ಆ ಬಸ್ಸು ಹೋಯಿತು. ಮುಂದಿನದೂ ಹೋಯಿತು. ಮೌನಪ್ಪ ಹೋಟೆಲಿಗೆ ಬಂದವರಿಗೆಲ್ಲ ಎ ಎಂದರೇನು, ಬಿ ಎಂದರೇನು, ನಿಂತು ತಿನ್ನುವವರಿಗೂ ದುಡಿದು ತಿನ್ನುವವರಿಗೂ ಇರುವ ವ್ಯತ್ಯಾಸವೇನು ಎಂದು ವಿವರಿಸಿದ. ಅಷ್ಟು ಸಂತೋಷದಿಂದ ಅವನು ಮಾತಾಡಿ ವರ್ಷಗಳೇ ಆಗಿದ್ದವು.

ರಾಯಚೂರು ಮುಟ್ಟಿದಾಗ ಸಂಜೆ ಐದೂವರೆ. ಬರುವ ದಾರಿಯಲ್ಲಿ ಅಂಗಡಿಯೊಂದರ ಟಿವಿಯಲ್ಲಿ ಚಿತ್ರ ಚೆನ್ನಾಗಿಯೇ ಓಡುತ್ತಿತ್ತು. ಎಯನ್ನು ಹೇಗೋ ಎಬ್ಬಿಸಿದ್ದಾರೆ ಎಂದುಕೊಂಡ. ಆದರೆ ಕೇಂದ್ರದೊಳಗೆ ಕಾಲಿಟ್ಟಾಗ ಎ ಕತ್ತಲಾಗಿ ನಿಂತಿತ್ತು. ಬಿಯ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಬಿ ಕೆಲಸ ಮಾಡುತ್ತಿತ್ತು.

"ಇಷ್ಟೊತ್ತು ಎಲ್ಲಿದ್ರಿ ಮೌನಪ್ಪ?" ದಸ್ತಗೀರ್ ಸಾಬರ ಅಂಗಿಯ ತೋಳಿನ ಮೇಲೆ ಒಣಗಿದ ರಕ್ತವಿತ್ತು. "ಹನ್ನೆರಡಕ್ಕ ಫೋನ್ ಮಾಡೀನಿ. ಸ್ಟ್ಯಾಂಡ್‌ಭಾಯಿ ಬಿದ್ದಾನ ಅಂತ ಹೇಳಲಿಲ್ಲೇನು?"

"ಇದು ನಡೀತಾ ಅದಲ್ಲ ಚಾಚಾ..." ಎಂದ ಮೌನಪ್ಪ, ಬಿ ಕಡೆ ಕೈ ತೋರಿಸಿ. ಹೇಳುತ್ತ ಹೇಳುತ್ತ ಅವನ ಕೈ ಕೆಳಗಿಳಿಯಿತು.

ಆದದ್ದು ಇಷ್ಟು. ಹನ್ನೊಂದೂಕಾಲಿಗೆ ಬಿಸಿಲಿಗೆ ಎ ಬಿತ್ತು. ಬಿ ಹಿಡಿಯಲಿಲ್ಲ. ಸಲಾವುದ್ದೀನ್ ಎಯನ್ನು ಮತ್ತೆ ಮತ್ತೆ ಎಬ್ಬಿಸಿದ, ಅದು ಮತ್ತೆ ಮತ್ತೆ ಬಿತ್ತು. ಬಿ ತನ್ನಷ್ಟಕ್ಕೆ ತಾನು ಸರಿಯಾಗಿತ್ತು, ದೀಪವೂ ಇತ್ತು. ಶುಕ್ರವಾರ ತಾನೇ ಒತ್ತಿದ ಕಾರ್ಡುಗಳ ಮೇಲೆ ಅವನಿಗೆ ಅನುಮಾನ ಬರಲೇ ಇಲ್ಲ. ಹಿಂದಿನ ದಿನದ ಗಾಳಿಗೆ, ಎರಡೂ ಯಂತ್ರಗಳಿಗೆ ಸೇರಿದ ಕಂಬದ ಮೇಲಿನ ಕೇಬಲ್ ಸಡಿಲಾಗಿರಬೇಕು ಎಂದುಕೊಂಡು, ಎಲ್ಲ ಬಂದ್ ಮಾಡಿ, ಕಾದ ಕಬ್ಬಿಣ ಹಿಡಿದು ಕಂಬ ಹತ್ತಿದ. ಮೂರಾಳು ಎತ್ತರದಿಂದ ಕೈ ಜಾರಿತು. ಬಲಗೈ ಕೆಳಗೆ ಸಿಕ್ಕು ಎರಡು ಕಡೆ ಮುರಿಯಿತು. ನೆಲದ ಮೇಲೆ ಬಿದ್ದುಕೊಂಡೇ, "ಚಾಚಾ, ಪೆಟ್ಟಿಗ್ಯಾಗ ಕಾರ್ಡ್ ಒತ್ತಿ ನೋಡ್ರಿ" ಎಂದು ದಸ್ತಗೀರ್ ಸಾಬರನ್ನು ಒಳಗೆ ಕಳಿಸಿದ್ದ. ಮೂರನೆಯದನ್ನು ಒತ್ತಿ, ಅವನು ಹೇಳಿದ ಗುಂಡಿ ಅದುಮಿದ ಕೂಡಲೇ ಊರಿಗೆಲ್ಲ ಚಿತ್ರ ಬಂತು.

"ಆಸ್ಪತ್ರಿಗೆ ಹೋಗೋ ಮುಂದ, ಕೇಂದ್ರಕ್ಕ ಯಾರೂ ಇಲ್ಲ, ಮೌನಪ್ಪಣ್ಣನ್ನ ಕರಸ್ರಿ ಅಂದ. ಆಮ್ಯಾಲೆ ಲಾಗ್‌ಬುಕ್ ತರಿಸಿಕೊಂಡು ಎಡಗೈಲೆ ಬರದಾನ. ನೋಡ್ರಿ" ಎಂದರು ಸಾಬರು.

ಅಕ್ಷರಗಳು ಅಡ್ಡಾದಿಡ್ಡಿಯಾಗಿದ್ದವು. 'ಎ ಬಿತ್ತು. ಬಿ ಹಿಡಿಯಲಿಲ್ಲ. ಕಾರಣ, ಮೂರನೇ ಕಾರ್ಡು ಪೂರ್ತಿ ಕೂತಿರಲಿಲ್ಲ. ಶುಕ್ರವಾರ ಒರೆಸಿ ಹಾಕಿದವನು ನಾನು. ತಪ್ಪು ನನ್ನದು. ಸಲಾವುದ್ದೀನ್.'

ಓದಿ ಮೌನಪ್ಪನಿಗೆ ಮೊದಲು ಬಂದದ್ದು ನಿಟ್ಟುಸಿರು. ಬದುಕಿದೆ ಎಂದುಕೊಂಡ. ಯಾರಿಗೂ ಗೊತ್ತಾಗುವುದಿಲ್ಲ, ದೇವದುರ್ಗವೂ ಇನ್ನು ತನ್ನದೇ. ಆಮೇಲೆ ಮುರಿದ ಕೈ ನೆನಪಾಯಿತು. ಆಸ್ಪತ್ರೆಗೆ ಹೋಗಲು ಕಾಲು ಬರಲಿಲ್ಲ. ಕೆಲಸವಿದೆ ಎಂದು ತನಗೆ ತಾನೇ ನೆಪ ಹೇಳಿಕೊಂಡು ಅಲ್ಲೇ ಉಳಿದ.

ಸೋಮವಾರ ವೆಂಕಣ್ಣನವರು ಬಂದರು. ಆಸ್ಪತ್ರೆಗೆ ಹೋಗಿಬಂದಿದ್ದರು. ಬಲಗೈ ಬೆರಳುಗಳು ಮೊದಲಿನ ಹಾಗೆ ಆಡುವುದು ಅನುಮಾನವೆಂದು ಡಾಕ್ಟರು ಹೇಳಿದ್ದರಂತೆ. ಲಾಗ್‌ಬುಕ್ಕಿನ ಆ ಪುಟವನ್ನು ಅವರು ಬಹಳ ಹೊತ್ತು ನೋಡಿದರು.

"ಇಪ್ಪತ್ತೆರಡು ವರ್ಷ ಆತು ಮೌನಪ್ಪ ನಾ ನೌಕರಿಗೆ ಸೇರಿ. ತಪ್ಪು ನಂದು ಅಂತ ಲಾಗ್‌ಬುಕ್ಕಿನ್ಯಾಗ ಬರದಾವನ್ನ ಒಬ್ಬನ್ನೂ ನೋಡಿಲ್ಲ. ಇದನ್ನ ನಾ ಮ್ಯಾಲಿನವರಿಗೂ ಕಳಸಾಂವ. ಇಂಥ ಮನಷ್ಯಾ ನಮ್ಮ ಕೇಂದ್ರದಾಗ ಇದ್ದಾನ ಅನ್ನೋದು ಅವರಿಗೂ ತಿಳೀಲಿ."

ಇದು ಮೌನಪ್ಪನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಪಶ್ಚಾತ್ತಾಪವೆಂದು ಹೇಳಿ ಅವನನ್ನು ದೊಡ್ಡವನನ್ನಾಗಿ ಮಾಡಲು ನನಗೆ ಮನಸ್ಸಿಲ್ಲ. ಆ ಗಳಿಗೆಯಲ್ಲಿ ಅವನೊಳಗೆ ಎದ್ದದ್ದು ಅದೇ ಹಳೆಯ ಉರಿ. ಹಿಡಿದಾಗಲೂ ಅವನಿಗೇ ಹೊಗಳಿಕೆ, ಬಿದ್ದಾಗಲೂ ಅವನಿಗೇ. ತಾನು ಮಾಡಿದ ತಪ್ಪನ್ನೂ ಅವನೇ ತೆಗೆದುಕೊಂಡು ಅದರಿಂದಲೂ ಒಳ್ಳೆಯವನಾಗಿಬಿಟ್ಟನಲ್ಲ!

"ತಪ್ಪು ಅವಂದಲ್ಲ್ರೀ!" ಮೌನಪ್ಪನ ದನಿ ಕೋಣೆಯಲ್ಲಿ ದೊಡ್ಡದಾಗಿ ಕೇಳಿತು. "ನಂದು. ಶನಿವಾರ ಕಾರ್ಡ್ ಎಳದಾಂವ ನಾನು. ಅವಂಗ ಯಾಕ ಕೊಡ್ತೀರಿ ಅದನ್ನ? ನನ್ನ ತಪ್ಪು ನನಗ ಕೊಡ್ರಿ."

ವೆಂಕಣ್ಣನವರು ಕನ್ನಡಕ ತೆಗೆದರು. "ಯಾಕ ಎಳದಿ?"

"ದೇವದುರ್ಗಕ್ಕ ನೀವು ಅವನ ಹೆಸರು ಬರೀತೀರಿ ಅಂತ."

ವೆಂಕಣ್ಣನವರು ಡ್ರಾಯರ್ ಎಳೆದು ಒಂದು ಹಾಳೆ ತೆಗೆದು ಮೇಜಿನ ಮೇಲೆ ಇಟ್ಟರು. ಮಾರ್ಚ್ ತಿಂಗಳ ತಾರೀಖು. ಸಲಾವುದ್ದೀನನ ನೆಟ್ಟಗಿನ ಅಕ್ಷರ. ತಾಯಿ ಮಾನ್ವಿಯಲ್ಲಿ ಒಬ್ಬಳೇ ಇರುವುದರಿಂದ ತನಗೆ ದೇವದುರ್ಗ ಬೇಡ. ಆ ಕಡೆಯ ಹಳ್ಳಿಗಳೆಲ್ಲ ಮೌನಪ್ಪನವರಿಗೆ ಗೊತ್ತು, ಕೆಲಸದಲ್ಲಿಯೂ ಅವರೇ ಹಿರಿಯರು, ಅವರನ್ನೇ ಕಳಿಸಬೇಕು ಎಂದು ಬರೆದಿದ್ದ.

"ಎರಡು ಹೆಸರು ಇರಲೇ ಇಲ್ಲ, ಮೌನಪ್ಪ. ಇದ್ದದ್ದು ನಿಂದೊಂದ. ಅದನ್ನ ಕಳಿಸಿ ಇಪ್ಪತ್ತು ದಿನ ಆತು. ಆರ್ಡರ್ ಕೈಗೆ ಬರೋತನಕ ಬಾಯಿ ಬಿಡಬಾರದು ಅಂತ ನಾ ಸುಮ್ಮನಿದ್ದೆ." ಅವರು ಹಾಳೆಯನ್ನು ಮಡಚಿದರು. "ಈಗ ಹೇಳಿದ್ದೆಲ್ಲ ಬರದು ಸಹಿ ಮಾಡಿ ಕೊಡು. ನಿನ್ನ ಹೆಸರು ವಾಪಸ್ ತಗೋತೀನಿ. ಉಳಿದದ್ದು ಮ್ಯಾಲಿನವರಿಗೆ ಬಿಟ್ಟದ್ದು."

ಮೌನಪ್ಪ ಬರೆದುಕೊಟ್ಟ. ಆಸ್ಪತ್ರೆಗೆ ನಡೆದೇ ಹೋದ. ವಾರ್ಡಿನ ಕೊನೆಯ ಮಂಚದಲ್ಲಿ ಸಲಾವುದ್ದೀನ್ ಮಲಗಿದ್ದ. ಭುಜದಿಂದ ಅಂಗೈತನಕ ಹೊಸ ಪ್ಲಾಸ್ಟರು, ತುದಿಯಲ್ಲಿ ಊದಿದ ಐದು ಬೆರಳು. ಪಕ್ಕದಲ್ಲಿ ಖತೀಜಾ ಬೀ ಬೀಸಣಿಗೆ ಬೀಸುತ್ತ ಕೂತಿದ್ದಳು. ಆಕೆಗೆ ಕನ್ನಡ ಅಷ್ಟಕ್ಕಷ್ಟೆ.

"ಬಾ ಮೌನಪ್ಪಣ್ಣ" ಎಂದ ಸಲಾವುದ್ದೀನ್. "ದೇವದುರ್ಗದ ಆರ್ಡರ್ ಬಂತೇನು? ಎಂದು ಹೊಂಟಿ?"

ಮೌನಪ್ಪ ನಿಂತುಕೊಂಡೇ ಹೇಳಿದ. ಶನಿವಾರ, ಮಧ್ಯಾಹ್ನ, ಮೂರನೆಯ ಕಾರ್ಡು, ಒಂದು ಕಾಳಿನಷ್ಟು. ಒಂದನ್ನೂ ಬಿಡಲಿಲ್ಲ.

ಸಲಾವುದ್ದೀನ್ ತನ್ನ ಬಲಗೈ ಬೆರಳುಗಳ ಕಡೆ ನೋಡಿದ. "ಅಂದ್ರ ಶುಕ್ರವಾರ ನಾ ಕಾರ್ಡ್ ಒತ್ತಿದ್ದೆ."

"ಒತ್ತಿದ್ದಿ."

"ಪೂರ್ತಿ ಒತ್ತಿದ್ದೆ."

"ಹೂಂ. ಪೂರ್ತಿ ಒತ್ತಿದ್ದಿ."

ಸಲಾವುದ್ದೀನನ ಮುಖದ ಮೇಲೆ ನಗು ಹರಡಿತು. ಅಷ್ಟು ಸಂತೋಷಪಟ್ಟ ಅವನ ಮುಖವನ್ನು ಮೌನಪ್ಪ ಎಂದೂ ಕಂಡಿರಲಿಲ್ಲ. "ನಿನ್ನೆಯಿಂದ ಇದೊಂದ ವಿಚಾರ ಮಾಡಾಕತ್ತೀನಣ್ಣ. ನನ್ನ ಕೈ ಹೆಂಗ ಮರೀತು, ಹೆಂಗ ಮರೀತು ಅಂತ. ಮರೆತಿಲ್ಲ. ನನ್ನ ಕೈ ಮರೆತಿಲ್ಲ."

ಆ ನಗು ಹಾಗೇ ಸ್ವಲ್ಪ ಹೊತ್ತು ಇತ್ತು. ಆಮೇಲೆ ಅವನಿಗೆ ಉಳಿದದ್ದೆಲ್ಲ ತಿಳಿಯಿತು. ಮುಖ ಗೋಡೆಯ ಕಡೆ ತಿರುಗಿಸಿಕೊಂಡು, ತಾಯಿಗೆ ದಖನಿಯಲ್ಲಿ ಏನೋ ಹೇಳಿದ. ಈತನನ್ನು ಹೋಗಲು ಹೇಳು ಎಂದದ್ದು ಮೌನಪ್ಪನಿಗೂ ಅರ್ಥವಾಯಿತು.

ಖತೀಜಾ ಬೀ ಗಾಬರಿಯಿಂದ ಎದ್ದು ಬಂದು ಮೌನಪ್ಪನ ತೋಳು ಹಿಡಿದಳು. "ಅವಂಗ ನೋವು ಭಾಳ ಅದ ಬೇಟಾ" ಎಂದಳು ತನಗೆ ಬರುವ ಕನ್ನಡದಲ್ಲಿ. "ನೀ ಮನಸಿಗೆ ಹಚ್ಕೋಬ್ಯಾಡ. ನಾಳಿ ಬಾ. ನಿನ್ನ ಬಗ್ಗಿ ಅವ ಯಾವಾಗೂ ಚೊಲೋನ ಹೇಳ್ತಾನ."